ಒಳ್ಳೆಯವರೇ ಕೂಡಿದ ಸಭೆಯಲ್ಲೂ ಬಣ ಹುಟ್ಟುವುದೇಕೆ?

ಪ್ರಶ್ನೆ: ರಾಜಕೀಯ ಬಣಗಳ ಮೂಲ ಮನುಷ್ಯನ ಸ್ವಭಾವದಲ್ಲೇ ಇದೆ ಎಂದು ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬನಾದ ಜೇಮ್ಸ್ ಮ್ಯಾಡಿಸನ್ ಹೇಳಿದ್ದಾನೆಂದು ಓದಿದೆ. ಹಾಗಾದರೆ ಗುಂಪುಗಾರಿಕೆ ಮಾಡುವವರಿಗೆ ಇದೊಂದು ಒಳ್ಳೆಯ ನೆಪವಾಗುವುದಿಲ್ಲವೇ? ಸ್ವಾರ್ಥಿಗಳಿಲ್ಲದ, ಒಳ್ಳೆಯವರೇ ಕೂಡಿದ ಸಭೆಯಲ್ಲಿ ಬಣ ಹುಟ್ಟಬಾರದಲ್ಲವೇ? ಇಷ್ಟೆಲ್ಲ ತಿಳಿದಿದ್ದ ಮ್ಯಾಡಿಸನ್ನನೇ ಮುಂದೆ ಪಕ್ಷ ಕಟ್ಟಿದ್ದು ಹೇಗೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದೇ ಗಟ್ಟಿಯಾದದ್ದು. ಒಳ್ಳೆಯವರು ಕೂಡಿದಲ್ಲಿಯೂ ಬಣ ಹುಟ್ಟುತ್ತದೆ ಎಂಬುದೇ ಮ್ಯಾಡಿಸನ್ನನ ವಾದ. ಅದು ಏಕೆಂದು ತಿಳಿದರೆ ಉಳಿದೆರಡು ಪ್ರಶ್ನೆಗಳ ಗಂಟು ತಾನಾಗಿ ಸಡಿಲವಾಗುತ್ತದೆ.

ಮೊದಲು ಆ ಮಾತು ಬಂದ ಸಂದರ್ಭ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಹೊಸ ಸಂವಿಧಾನದ ಕರಡು ಸಿದ್ಧವಾಯಿತು. ಅದನ್ನು ನ್ಯೂಯಾರ್ಕ್ ರಾಜ್ಯದ ಜನ ಒಪ್ಪುವಂತೆ ಮಾಡಲು ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜಾನ್ ಜೇ ಮತ್ತು ಮ್ಯಾಡಿಸನ್ ಮೂವರೂ ‘ಪಬ್ಲಿಯಸ್’ ಎಂಬ ಒಂದೇ ಗುಪ್ತನಾಮದಲ್ಲಿ ಪತ್ರಿಕೆಗಳಿಗೆ 85 ಲೇಖನಗಳನ್ನು ಬರೆದರು. ‘ಫೆಡರಲಿಸ್ಟ್’ ಎಂದು ಹೆಸರಾದ ಆ ಮಾಲೆಯ ಹತ್ತನೆಯ ಲೇಖನ ನವೆಂಬರ್ 22ರಂದು ಪ್ರಕಟವಾಯಿತು. ಅದನ್ನು ಬರೆದವನು ಮ್ಯಾಡಿಸನ್. ಬಣಗಳ ಸುಪ್ತ ಕಾರಣಗಳು ಮನುಷ್ಯ ಸ್ವಭಾವದಲ್ಲೇ ಬಿತ್ತಿಹೋಗಿವೆ ಎಂಬ ಮಾತು ಇರುವುದು ಅದರಲ್ಲಿ. ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ಆಗ ಒಂದೇ ಹೆಸರಿನ ಮರೆಯಲ್ಲಿದ್ದರು ಎಂಬುದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ನಮ್ಮ ಆಡುಮಾತಿನಲ್ಲಿ ಬಣ ಎಂದರೆ ಯಾವಾಗಲೂ ಎದುರಿನವರದು, ಸಾಮಾನ್ಯವಾಗಿ ಸಂಖ್ಯೆಯಲ್ಲಿ ಕಡಿಮೆ ಇರುವವರದು. ನಮ್ಮದು ಮಾತ್ರ ಪಕ್ಷ. ಮ್ಯಾಡಿಸನ್ ಈ ಸವಲತ್ತನ್ನು ಯಾರಿಗೂ ಕೊಡುವುದಿಲ್ಲ. ಒಂದು ಸಮಾನ ಆವೇಶವೋ ಹಿತಾಸಕ್ತಿಯೋ ಒಟ್ಟುಗೂಡಿಸಿದ, ಇತರರ ಹಕ್ಕುಗಳಿಗಾಗಲಿ ಸಮುದಾಯದ ಶಾಶ್ವತ ಹಿತಕ್ಕಾಗಲಿ ವಿರುದ್ಧವಾಗಿ ನಡೆಯುವ ಜನರ ಗುಂಪು ಬಣವೇ. ಅವರು ಅಲ್ಪಸಂಖ್ಯಾತರಾಗಿರಲಿ, ಬಹುಸಂಖ್ಯಾತರಾಗಿರಲಿ. ಅವನಿಗೆ ಹೆಚ್ಚು ಭಯವಿದ್ದದ್ದು ಬಹುಮತದ ಬಣದ ಬಗ್ಗೆಯೇ, ಏಕೆಂದರೆ ಅಲ್ಪಮತದ ಬಣವನ್ನು ಮತದಾನದಿಂದ ಸೋಲಿಸಬಹುದು, ಬಹುಮತದ್ದು ಕಾನೂನಿನ ರೂಪದಲ್ಲಿಯೇ ಬರುತ್ತದೆ.

ಇನ್ನು ‘ಸ್ವಭಾವ’. ಈ ಪದ ಕೇಳಿದೊಡನೆ ನಮ್ಮ ಮನಸ್ಸು ಕಾಮ, ಕ್ರೋಧ, ಲೋಭಗಳ ಪಟ್ಟಿಗೆ ಹೋಗುತ್ತದೆ. ಮ್ಯಾಡಿಸನ್ ಹೇಳುವುದು ಅದಕ್ಕಿಂತ ತೀರಾ ಸಾಧಾರಣವಾದ ಸಂಗತಿಗಳನ್ನು. ಮನುಷ್ಯನ ಬುದ್ಧಿ ತಪ್ಪು ಮಾಡುವಂಥದ್ದು. ಅದನ್ನು ಬಳಸುವ ಸ್ವಾತಂತ್ರ್ಯ ಇರುವವರೆಗೆ ಬೇರೆ ಬೇರೆ ಅಭಿಪ್ರಾಯಗಳು ಹುಟ್ಟಿಯೇ ಹುಟ್ಟುತ್ತವೆ. ಆ ಬುದ್ಧಿಗೆ ಮಮಕಾರದ ನಂಟಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ನಮ್ಮಲ್ಲಿ ಹುಟ್ಟಿದ ಅಭಿಪ್ರಾಯ ನಮಗೆ ಮುದ್ದಾಗುತ್ತದೆ, ಅದನ್ನು ಅಲ್ಲಗಳೆದವನು ನಮ್ಮನ್ನೇ ಅಲ್ಲಗಳೆದಂತೆ ಕಾಣುತ್ತಾನೆ. ಇವುಗಳ ಜೊತೆಗೆ ಜನರ ಸಾಮರ್ಥ್ಯಗಳು ಒಂದೇ ಬಗೆಯವಲ್ಲ. ಆದ್ದರಿಂದ ಅವರು ಗಳಿಸುವ ಆಸ್ತಿಯ ಬಗೆಯೂ ಪ್ರಮಾಣವೂ ಬೇರೆಯಾಗಿ, ಹೊಲವಿದ್ದವನು, ಹಡಗಿದ್ದವನು, ಸಾಲ ಕೊಟ್ಟವನು, ಸಾಲ ತಂದವನು ಒಂದೇ ಕಾನೂನನ್ನು ನಾಲ್ಕು ಬಗೆಯಾಗಿ ಓದುತ್ತಾರೆ. ಈ ಯಾವುದನ್ನೂ ದುರ್ಗುಣ ಎನ್ನಲಾಗದು. ಸಜ್ಜನನೊಬ್ಬನಲ್ಲಿ ಇವೆಲ್ಲವೂ ಇದ್ದೇ ಇರುತ್ತವೆ.

ಇದು ಮ್ಯಾಡಿಸನ್ನನ ಕಣ್ಣೆದುರಿಗೇ ನಡೆದಿತ್ತು. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಸೈನಿಕರಿಗೆ ಸಂಬಳ ಕೊಡಲು ಒಕ್ಕೂಟದ ಬಳಿಯಾಗಲಿ ರಾಜ್ಯಗಳ ಬಳಿಯಾಗಲಿ ಹಣವಿರಲಿಲ್ಲ. ಮುಂದೆ ಕೊಡುತ್ತೇವೆ ಎಂಬ ಸಾಲಪತ್ರಗಳನ್ನು ಕೊಟ್ಟು ಮನೆಗೆ ಕಳಿಸಿದರು. ಮನೆಗೆ ಬಂದ ರೈತನಿಗೆ ಬೀಜ ಬೇಕು, ಎತ್ತು ಬೇಕು, ಅಂಗಡಿಯ ಬಾಕಿ ತೀರಬೇಕು. ಆತ ಆ ಪತ್ರವನ್ನು ಕೈಗೆ ಬಂದ ಬೆಲೆಗೆ, ಹೆಚ್ಚುಕಡಿಮೆ ರೂಪಾಯಿಗೆ ಎರಡು-ಮೂರಾಣೆಯ ಲೆಕ್ಕದಲ್ಲಿ, ಪಟ್ಟಣದ ವರ್ತಕನಿಗೆ ಮಾರಿದ. ಯುದ್ಧ ಮುಗಿದ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಸಾಲವನ್ನು ಪ್ರಾಮಾಣಿಕವಾಗಿ ತೀರಿಸಲು ನಿಶ್ಚಯಿಸಿತು. ಅದಕ್ಕೆ ಭಾರಿ ತೆರಿಗೆ ಹಾಕಿ, ಅದನ್ನು ಲೋಹದ ನಾಣ್ಯದಲ್ಲೇ ಕಟ್ಟಬೇಕೆಂದಿತು. ಪಶ್ಚಿಮದ ಹಳ್ಳಿಗಳಲ್ಲಿ ನಾಣ್ಯವೇ ಇರಲಿಲ್ಲ. ಕಟ್ಟಲಾಗದವನ ದನ, ಹೊಲ ಹರಾಜಿಗೆ ಬಂದವು; ಕೆಲವರು ಸಾಲಕ್ಕಾಗಿ ಜೈಲಿಗೂ ಹೋದರು. ತಾನೇ ಮಾರಿದ ಪತ್ರಕ್ಕೆ ಪೂರ್ತಿ ಬೆಲೆ ಸಿಗಲೆಂದು ಆ ಮಾಜಿ ಸೈನಿಕ ತೆರಿಗೆ ಕಟ್ಟಬೇಕಾಗಿ ಬಂತು.

1786ರ ಆಗಸ್ಟ್ 29ರಂದು ನಾರ್ಥ್ಯಾಂಪ್ಟನ್ನಿನಲ್ಲಿ ರೈತರು ಗುಂಪುಗೂಡಿ ನ್ಯಾಯಾಲಯ ಕೂರದಂತೆ ತಡೆದರು. ಮುಂದೆ ಈ ದಂಗೆಗೆ ಡೇನಿಯಲ್ ಶೇಸ್ ಎಂಬ ಮಾಜಿ ಕ್ಯಾಪ್ಟನ್ನನ ಹೆಸರು ಅಂಟಿಕೊಂಡಿತು. ಫ್ರೆಂಚ್ ಸೇನಾನಿ ಲಫಯೆಟ್ ತನಗೆ ಉಡುಗೊರೆಯಾಗಿ ಕೊಟ್ಟಿದ್ದ ಕತ್ತಿಯನ್ನು ಆತ ಹಣದ ಅಡಚಣೆಯಿಂದ ಮಾರಿಕೊಂಡಿದ್ದನೆಂದು ಹೇಳುತ್ತಾರೆ. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದೆದುರು ಫಿರಂಗಿ ಹಾರಿ ದಂಗೆಕೋರರಲ್ಲಿ ನಾಲ್ವರು ಸತ್ತರು. ಉಳಿದವರನ್ನು ಹಿಮದ ನಡುವೆ ಬೆನ್ನಟ್ಟಿ ಚದುರಿಸಿದ ಸೇನೆಗೆ ರಾಜ್ಯದ ಖಜಾನೆಯಲ್ಲಿ ಹಣವಿರಲಿಲ್ಲ. ಬೋಸ್ಟನ್ನಿನ ವರ್ತಕರು ಚಂದಾ ಎತ್ತಿ ಅದರ ಖರ್ಚು ನೋಡಿಕೊಂಡರು.

ಇಲ್ಲಿ ಕೆಟ್ಟವರು ಯಾರೆಂದು ಹುಡುಕಿ ನೋಡಿ. ಕೊಟ್ಟ ಮಾತಿನಂತೆ ಸಾಲ ತೀರಬೇಕು ಎಂದವನ ವಾದ ಸುಳ್ಳಲ್ಲ. ಪತ್ರ ಕೊಳ್ಳುವಾಗ ಅದು ಕಸವಾಗುವ ಅಪಾಯವನ್ನು ಆತ ಹೊತ್ತಿದ್ದ. ರಕ್ತ ಸುರಿಸಿದವನಿಗೆ ಎರಡಾಣೆ, ಕುಳಿತು ಕೊಂಡವನಿಗೆ ಹದಿನಾರಾಣೆ ಎಂಬುದು ಯಾವ ನ್ಯಾಯ ಎಂದವನ ವಾದವೂ ಸುಳ್ಳಲ್ಲ. ಇಬ್ಬರೂ ತಮ್ಮ ಹಿತವನ್ನು ನ್ಯಾಯವೆಂದು ಮನಸಾರೆ ನಂಬಿದ್ದರು. ಮ್ಯಾಡಿಸನ್ನನ ಲೇಖನದಲ್ಲಿ ಇದಕ್ಕೆ ನೇರವಾದ ಉದಾಹರಣೆಯಿದೆ: ಖಾಸಗಿ ಸಾಲಗಳ ಬಗ್ಗೆ ಕಾನೂನು ಮಾಡುವಾಗ ಒಂದು ಕಡೆ ಸಾಲ ಕೊಟ್ಟವರು, ಇನ್ನೊಂದು ಕಡೆ ಸಾಲ ತಂದವರು ಕಕ್ಷಿಗಾರರು, ಆದರೆ ತೀರ್ಪು ಕೊಡುವ ಶಾಸನಸಭೆಯಲ್ಲಿ ಕುಳಿತಿರುವವರೂ ಅವರೇ. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾದವನು ಲಂಚ ತಿನ್ನುವುದು ಬೇಕಿಲ್ಲ, ಅವನ ಹಿತವೇ ಅವನ ಕಣ್ಣಿನ ಮೇಲೆ ಕುಳಿತಿರುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಸಾಲ ಕೊಟ್ಟವರ ಕೈ ಮೇಲಾಗಿತ್ತು. ಪಕ್ಕದ ರೋಡ್ ಐಲ್ಯಾಂಡಿನಲ್ಲಿ ಅದೇ 1786ರಲ್ಲಿ ಸಾಲಗಾರರ ಕಡೆಯವರು ಬಹುಮತ ಗಳಿಸಿ, ಕಾಗದದ ಹಣ ಅಚ್ಚು ಮಾಡಿಸಿ, ಅದನ್ನು ಪೂರ್ತಿ ಬೆಲೆಗೆ ಒಪ್ಪದವರಿಗೆ ದಂಡ ವಿಧಿಸಿದರು. ವರ್ತಕರು ಅಂಗಡಿಗೆ ಬೀಗ ಹಾಕಿದರು.

ಆಸ್ತಿಯ ಅಸಮಾನ ಹಂಚಿಕೆಯೇ ಬಣಗಳಿಗೆ ಎಲ್ಲಕ್ಕಿಂತ ಸಾಮಾನ್ಯವಾದ, ಬಾಳಿಕೆ ಬರುವ ಕಾರಣ ಎಂದು ಮ್ಯಾಡಿಸನ್ ಹೇಳಿದ್ದನ್ನು ಹಿಡಿದು ಅವನನ್ನು ಮಾರ್ಕ್ಸ್‌ಗಿಂತ ಮೊದಲಿನ ವರ್ಗ ಸಿದ್ಧಾಂತಿ ಎಂದು ಬಣ್ಣಿಸುವುದುಂಟು. ಅದು ಅರ್ಧ ಓದು. ಅದೇ ಲೇಖನದಲ್ಲಿ ಅವನು, ದೊಡ್ಡ ಕಾರಣ ಸಿಗದಿದ್ದರೆ ಮನುಷ್ಯರು ಕ್ಷುಲ್ಲಕವಾದ, ಕೇವಲ ಕಲ್ಪಿತವಾದ ಭೇದಗಳನ್ನೇ ಹಿಡಿದು ಬಡಿದಾಡುತ್ತಾರೆ ಎಂದೂ ಹೇಳುತ್ತಾನೆ. ಈ ವಿಚಾರವನ್ನು ಅವನಿಗಿಂತ ಮೊದಲೇ, 1741ರಲ್ಲಿ, ಸ್ಕಾಟ್‌ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಎತ್ತಿಕೊಂಡಿದ್ದ. ಹ್ಯೂಮ್ ಕೊಡುವ ಉದಾಹರಣೆಗಳಲ್ಲಿ ಒಂದು ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ರಥದೋಟದ್ದು: ಸಾರಥಿಗಳು ತೊಟ್ಟ ಬಟ್ಟೆಯ ಬಣ್ಣದ ಮೇಲೆ ನಗರ ‘ನೀಲಿ’, ‘ಹಸಿರು’ ಎಂದು ಎರಡು ಪಾಲಾಗಿತ್ತು. 532ರಲ್ಲಿ ಅವೆರಡೂ ಸೇರಿ ಚಕ್ರವರ್ತಿ ಜಸ್ಟಿನಿಯನ್ ವಿರುದ್ಧ ತಿರುಗಿಬಿದ್ದಾಗ ಸತ್ತವರು ಸುಮಾರು 30,000 ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ.

ನಮ್ಮ ಸೀಮೆಯಲ್ಲೂ ಇಂಥದ್ದೊಂದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಮೈಸೂರು ಸೀಮೆಯಲ್ಲಿ ಸಂಚರಿಸಿದ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್, ಬಣಜಿಗರು ಮುಂದಾಳುಗಳಾಗಿದ್ದ ಹದಿನೆಂಟು ಪಣದ, ಅಂದರೆ ಹದಿನೆಂಟು ಜಾತಿಗಳ, ಬಲಗೈಯವರಿಗೂ ಪಾಂಚಾಲರು ಮುಂದಾಳುಗಳಾಗಿದ್ದ ಒಂಬತ್ತು ಪಣದ ಎಡಗೈಯವರಿಗೂ ಇದ್ದ ವ್ಯಾಜ್ಯವನ್ನು ವಿವರವಾಗಿ ದಾಖಲಿಸಿದ್ದಾನೆ. ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬ ನೆಡುವ ಹಕ್ಕು ತಮಗೆ ಮಾತ್ರ ಸೇರಿದ್ದೆಂದು ಬಲಗೈಯವರ ವಾದ. ಎದುರಿನವರು ಮೆರವಣಿಗೆಯಲ್ಲಿ ಕುದುರೆ ಏರಬಾರದು, ಹನುಮಂತನ ಚಿತ್ರದ ಧ್ವಜ ಹಿಡಿಯಬಾರದು. ಕಂಚಿಯ ತಾಮ್ರಪಟದಲ್ಲಿ ಕಾಳಿಯೇ ಈ ಹಕ್ಕುಗಳನ್ನು ತಮಗೆ ಕೊಟ್ಟಿದ್ದಾಳೆ, ಎಡಗಡೆಯೇ ಗೌರವದ ಸ್ಥಾನ ಎಂದು ಎಡಗೈಯವರ ಮರುವಾದ. ಹನ್ನೆರಡನೆಯ ಕಂಬಕ್ಕಾಗಿ ಊರು ಒಡೆಯುವುದೆಂದರೆ ನಗು ಬರಬಹುದು. ಆದರೆ ವ್ಯಾಪಾರ ಹಿಡಿದ ಬಣಜಿಗರಿಗೂ ಚಿನ್ನ, ಕಬ್ಬಿಣ, ಮರದ ಕಸುಬು ಹಿಡಿದ ಪಾಂಚಾಲರಿಗೂ ಊರಿನಲ್ಲಿ ಯಾರ ಸ್ಥಾನ ಮೇಲೆಂಬುದು ಸಣ್ಣ ವಿಷಯವಾಗಿರಲಿಲ್ಲ. ಕಂಬ ಅದರ ನೆವ, ಕಣ್ಣಿಗೆ ಕಾಣುವ ಗುರುತು. ಕ್ಷುಲ್ಲಕ ಭೇದ ಮತ್ತು ಆಸ್ತಿಯ ಭೇದ ಎಂದು ಮ್ಯಾಡಿಸನ್ ಬೇರೆ ಬೇರೆಯಾಗಿ ಹೆಸರಿಸಿದ್ದು ನಿಜ ಜೀವನದಲ್ಲಿ ಹೀಗೆ ಹೆಣೆದುಕೊಂಡೇ ಇರುತ್ತದೆ ಎಂದು ನನ್ನ ಅಭಿಪ್ರಾಯ.

ಹೆಣಿಗೆ ಬಿಚ್ಚಿ, ಹಿತಾಸಕ್ತಿಯನ್ನೆಲ್ಲ ತೆಗೆದುಹಾಕಿದರೆ ಏನು ಉಳಿಯುತ್ತದೆ? ಇದನ್ನು ಪರೀಕ್ಷಿಸಿದವನು ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್. ಪೋಲೆಂಡಿನ ಯಹೂದಿಯಾಗಿದ್ದ ಆತ ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರಿಗೆ ಸೆರೆಸಿಕ್ಕು ಬದುಕಿ ಉಳಿದವನು. ಜನ ಹೇಗೆ ಪಾಲಾಗುತ್ತಾರೆ ಎಂಬುದು ಅವನಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹದಿನಾಲ್ಕು-ಹದಿನೈದು ವಯಸ್ಸಿನ 48 ಹುಡುಗರಿಗೆ ಪೌಲ್ ಕ್ಲೇ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು ತೋರಿಸಿ, ಯಾರ ಚಿತ್ರ ಇಷ್ಟ ಎಂದು ಕೇಳಿ, ಅದರಂತೆ ಎರಡು ಗುಂಪು ಮಾಡಿದ್ದೇವೆಂದು ತಿಳಿಸಿದರು. ನಿಜದಲ್ಲಿ ಹಂಚಿದ್ದು ಮನಸ್ಸಿಗೆ ಬಂದಂತೆ. ಗುಂಪಿನಲ್ಲಿ ಬೇರೆ ಯಾರಿದ್ದಾರೆಂದು ಹುಡುಗರಿಗೆ ಗೊತ್ತಿಲ್ಲ, ತಮಗೆ ತಾವು ಹಣ ಕೊಟ್ಟುಕೊಳ್ಳುವಂತಿಲ್ಲ. ಬೇರೆ ಇಬ್ಬರಿಗೆ ಎಷ್ಟೆಷ್ಟು ಹಣ ಸಿಗಬೇಕೆಂದು ಗುರುತು ಹಾಕಬೇಕು, ಅಷ್ಟೆ. 1970ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಡುಗರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟದ್ದು ಅಷ್ಟೇನೂ ಆಶ್ಚರ್ಯವಲ್ಲ. ತಮ್ಮವರಿಗೆ ಒಟ್ಟಾರೆ ಹೆಚ್ಚು ಸಿಗುವ ದಾರಿಯನ್ನು ಬಿಟ್ಟು, ಕಡಿಮೆಯಾದರೂ ಚಿಂತೆಯಿಲ್ಲ, ಎದುರಿನವರಿಗಿಂತ ಅಂತರ ಹೆಚ್ಚಿರಲಿ ಎಂಬ ದಾರಿಯನ್ನು ಅನೇಕರು ಆರಿಸಿಕೊಂಡದ್ದು ಆಶ್ಚರ್ಯ. ಅವರು ನಿತ್ಯ ಜೊತೆಯಲ್ಲಿ ಓದುತ್ತಿದ್ದ, ಒಳ್ಳೆಯ ಹುಡುಗರೇ.

ಗೆರೆ ಎಲ್ಲಿ ಬೀಳಬೇಕೆಂದು ಮಾತ್ರ ಸ್ವಭಾವ ಹೇಳುವುದಿಲ್ಲ. ಮ್ಯಾಡಿಸನ್ನನ ಗೆಳೆಯ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್‌ಸನ್ ಮುದಿವಯಸ್ಸಿನಲ್ಲಿ, ಜನರನ್ನು ನಂಬುವವರು ಮತ್ತು ನಂಬದವರು ಎಂದು ಮನುಷ್ಯರು ಹುಟ್ಟಿನಿಂದಲೇ ಎರಡು ಪಕ್ಷ ಎಂದು ಬರೆದ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕ್ಲೇ ಗುಂಪಿನ ಹುಡುಗ ಹುಟ್ಟಿನಿಂದ ಕ್ಲೇ ಗುಂಪಿನವನಲ್ಲ. ಮ್ಯಾಡಿಸನ್ ‘ಸುಪ್ತ’ ಎಂಬ ವಿಶೇಷಣವನ್ನು ಸುಮ್ಮನೆ ಬಳಸಿಲ್ಲ. ಆ ಕಾರಣಗಳು ಆಯಾ ಸಮಾಜದ ಪರಿಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಪ್ರಮಾಣದಲ್ಲಿ ಚುರುಕಾಗುತ್ತವೆ ಎಂದು ಅದೇ ವಾಕ್ಯದಲ್ಲಿ ಮುಂದೆ ಹೇಳುತ್ತಾನೆ. ನಿಮ್ಮ ‘ನೆಪ’ದ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಡೆಯುವ ಗುಣ ಎಲ್ಲರಲ್ಲೂ ಇದೆ ಎಂದ ಮಾತ್ರಕ್ಕೆ ಯಾವ ಗೆರೆಯ ಮೇಲೆ ಒಡೆಯಬೇಕೆಂದು ತೀರ್ಮಾನಿಸಿ ಅಲ್ಲಿಗೆ ಬೆಣೆ ಹೊಡೆದವನ ಹೊಣೆ ಇಲ್ಲವಾಗುವುದಿಲ್ಲ. ಈ ಸಿದ್ಧಾಂತದಿಂದ ಯಾರಿಗಾದರೂ ನಷ್ಟವಿದ್ದರೆ, ನಾನು ಬಣಗಳಿಗೆ ಹೊರಗಿನವನು, ಆದ್ದರಿಂದ ಪೂರ್ತಿ ಅಧಿಕಾರ ನನ್ನ ಕೈಗೆ ಕೊಡಿ ಎನ್ನುವವನಿಗೆ.

ಇನ್ನು ಮ್ಯಾಡಿಸನ್ನನ ಪಕ್ಷ. ಇಲ್ಲಿ ಅದೇ ಸೈನಿಕರ ಸಾಲಪತ್ರ ಮತ್ತೆ ಬರುತ್ತದೆ. 1790ರ ಜನವರಿಯಲ್ಲಿ ಹೊಸ ಸರ್ಕಾರದ ಖಜಾನೆ ಕಾರ್ಯದರ್ಶಿಯಾಗಿದ್ದ ಹ್ಯಾಮಿಲ್ಟನ್, ಒಕ್ಕೂಟದ ಸಾಲಪತ್ರಗಳು ಈಗ ಯಾರ ಕೈಯಲ್ಲಿವೆಯೋ ಅವರಿಗೇ ಪೂರ್ತಿ ಮುಖಬೆಲೆ ಸಲ್ಲಬೇಕೆಂದು ಸೂಚಿಸಿದ. ಸುದ್ದಿ ತಲುಪುವ ಮೊದಲೇ ಸಟ್ಟಾಕೋರರು ದಕ್ಷಿಣದ ರಾಜ್ಯಗಳಿಗೆ ಹಡಗು ಕಳಿಸಿ ಅಗ್ಗದಲ್ಲಿ ಪತ್ರ ಕೊಳ್ಳುತ್ತಿದ್ದಾರೆಂಬ ಆರೋಪ ಪ್ರತಿನಿಧಿ ಸಭೆಯಲ್ಲಿ ಕೇಳಿಬಂತು. ಅದರ ಸದಸ್ಯನಾಗಿದ್ದ ಮ್ಯಾಡಿಸನ್ ಎದ್ದು, ಈಗ ಪತ್ರ ಹೊಂದಿರುವವನಿಗೆ ಮಾರುಕಟ್ಟೆಯ ಗರಿಷ್ಠ ಬೆಲೆ ಕೊಟ್ಟು, ಉಳಿದದ್ದನ್ನು ಮೊದಲು ಪಡೆದ ಸೈನಿಕನಿಗೆ ಕೊಡಿ ಎಂದ. ಫೆಬ್ರವರಿ 22ರಂದು ಆ ಸೂಚನೆ 36ಕ್ಕೆ 13 ಮತಗಳಿಂದ ಬಿತ್ತು.

ಈ ನಿಲುವು ಉದಾತ್ತವಾಗಿಯೇ ಇದೆ. ಆದರೆ ಮೊದಲು ಪಡೆದವರು, ಆಮೇಲೆ ಕೊಂಡವರು ಎಂದು ಭೇದ ಮಾಡಬಾರದೆಂದು 1783ರಲ್ಲಿ ವಾದಿಸಿದವನೂ ಇದೇ ಮ್ಯಾಡಿಸನ್. ಅವನ ಪರವಾಗಿ ಮತ ಹಾಕಿದ 13 ಮಂದಿಯಲ್ಲಿ ಹೆಚ್ಚಿನವರು ಅವನದೇ ವರ್ಜೀನಿಯಾದವರು. ರಾಜ್ಯಗಳ ಸಾಲವನ್ನೂ ಕೇಂದ್ರವೇ ವಹಿಸಿಕೊಳ್ಳಲಿ ಎಂಬ ಹ್ಯಾಮಿಲ್ಟನ್ನನ ಮುಂದಿನ ಸೂಚನೆಯನ್ನೂ ಅವನು ವಿರೋಧಿಸಿದ, ಮತ್ತು ವರ್ಜೀನಿಯಾ ತನ್ನ ಸಾಲದ ದೊಡ್ಡ ಭಾಗವನ್ನು ಆಗಲೇ ತೀರಿಸಿಕೊಂಡಿತ್ತು. ಅವನು ಸುಳ್ಳು ಹೇಳುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಅವನ ನ್ಯಾಯಬುದ್ಧಿ ಮತ್ತು ಅವನ ರಾಜ್ಯದ ಹಿತ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಹತ್ತನೆಯ ಲೇಖನ ವಿವರಿಸಿದ್ದು ಇದನ್ನೇ.

ಮುಂದಿನದು ಬೇಗ ನಡೆಯಿತು. 1791ರಲ್ಲಿ ರಾಷ್ಟ್ರೀಯ ಬ್ಯಾಂಕಿನ ವಿಚಾರದಲ್ಲಿ ಮತ್ತೆ ಜಗಳ. ಅದೇ ಅಕ್ಟೋಬರಿನಲ್ಲಿ ಮ್ಯಾಡಿಸನ್ನನ ಕಾಲೇಜಿನ ಸಹಪಾಠಿ, ಕವಿ ಫಿಲಿಪ್ ಫ್ರೆನೋ ಹ್ಯಾಮಿಲ್ಟನ್ನನ ವಿರುದ್ಧ ಪತ್ರಿಕೆ ಆರಂಭಿಸಿದ. ಅವನ ಹೊಟ್ಟೆಪಾಡಿಗೆಂದು ಜೆಫರ್‌ಸನ್ ತನ್ನ ವಿದೇಶಾಂಗ ಇಲಾಖೆಯಲ್ಲಿ ವರ್ಷಕ್ಕೆ 250 ಡಾಲರಿನ ಅನುವಾದಕನ ಹುದ್ದೆ ಕೊಟ್ಟಿದ್ದ. ಆ ಪತ್ರಿಕೆಯಲ್ಲಿ 1792ರ ಸೆಪ್ಟೆಂಬರಿನಲ್ಲಿ ಮ್ಯಾಡಿಸನ್ ಬರೆದ ಹೆಸರಿಲ್ಲದ ಲೇಖನವೊಂದರಲ್ಲಿ ದೇಶದ ಎರಡು ಪಕ್ಷಗಳ ವರ್ಣನೆಯಿದೆ. ಒಂದು, ಸಿರಿವಂತರ ಕಡೆ ವಾಲಿದ, ಜನರಿಗೆ ತಮ್ಮನ್ನು ತಾವು ಆಳಿಕೊಳ್ಳಲು ಬರುವುದಿಲ್ಲವೆಂದು ನಂಬಿದವರದು. ಇನ್ನೊಂದು, ಜನರನ್ನು ನಂಬಿದವರದು. ತಾನು ಯಾವುದರಲ್ಲಿದ್ದಾನೆಂದು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಐದು ವರ್ಷದ ಹಿಂದೆ ಹ್ಯಾಮಿಲ್ಟನ್ನನ ಜೊತೆ ಒಂದೇ ಹೆಸರಿನಲ್ಲಿ ಬರೆದವನ ಮಾತು ಇದು.

ಅವನು 1787ರಲ್ಲಿ ಸೂಚಿಸಿದ್ದ ಮದ್ದೂ ಪೂರ್ತಿ ಕೆಲಸ ಮಾಡಲಿಲ್ಲ. ಬಣದ ಕಾರಣವನ್ನು ಕೀಳಲು ಹೋದರೆ ಸ್ವಾತಂತ್ರ್ಯವನ್ನೇ ಕೀಳಬೇಕಾಗುತ್ತದೆ. ಬೆಂಕಿಯ ಭಯಕ್ಕೆ ಗಾಳಿಯನ್ನೇ ಇಲ್ಲವಾಗಿಸಿದ ಹಾಗೆ. ಆದ್ದರಿಂದ ಪರಿಣಾಮವನ್ನು ಹತೋಟಿಯಲ್ಲಿಡಬೇಕು, ಗಣರಾಜ್ಯ ವಿಶಾಲವಾದಷ್ಟೂ ಬಣಗಳು ಹತ್ತಾರಾಗಿ ಯಾವುದಕ್ಕೂ ಬಹುಮತ ಸಿಗದಂತಾಗುತ್ತದೆ ಎಂಬುದು ಅವನ ಲೆಕ್ಕ. ಇಡೀ ದೇಶಕ್ಕೆ ಒಬ್ಬನೇ ಅಧ್ಯಕ್ಷನನ್ನು ಬಹುಮತದಿಂದ ಆರಿಸಬೇಕಾದಾಗ ಹತ್ತಾರು ಬಣಗಳು ಎರಡಾಗಿ ಕೂಡಿಕೊಳ್ಳುತ್ತವೆ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಪಕ್ಷಗಳ ಸುದ್ದಿಯೇ ಇಲ್ಲದ ಆ ಸಂವಿಧಾನದಡಿ 1800ರ ಚುನಾವಣೆಯಲ್ಲಿ ಮ್ಯಾಡಿಸನ್ನನ ಪಕ್ಷದವರೇ ಆದ ಜೆಫರ್‌ಸನ್ ಮತ್ತು ಏರನ್ ಬರ್ ಇಬ್ಬರಿಗೂ ಅಧ್ಯಕ್ಷನನ್ನು ಆರಿಸುವ ಚುನಾಯಕರ 73 ಮತ ಬಿದ್ದು, ಪ್ರತಿನಿಧಿ ಸಭೆ 36 ಸಲ ಮತ ಹಾಕಬೇಕಾಯಿತು; 1804ರಲ್ಲಿ ಸಂವಿಧಾನವನ್ನೇ ತಿದ್ದಿದರು.

ಹತ್ತನೆಯ ಲೇಖನವನ್ನು ಓದುವಾಗ ನನಗೆ ಪ್ರತಿಸಲ ತಡೆಯಾಗುವ ಜಾಗ ಬೇರೊಂದಿದೆ. ಭೂಮಾಲೀಕರು, ಉತ್ಪಾದಕರು, ವರ್ತಕರು, ಲೇವಾದೇವಿಯವರು ಎಂದು ಹಿತಾಸಕ್ತಿಗಳನ್ನು ಒಂದೊಂದಾಗಿ ಎಣಿಸುವ ಆ ಲೇಖನದಲ್ಲಿ ಗುಲಾಮರ ಒಡೆಯರ ಹೆಸರು ಬರುವುದಿಲ್ಲ. ಅವನಿಗೆ ಅದು ತಿಳಿಯದ ವಿಷಯವಾಗಿರಲಿಲ್ಲ. 1787ರ ಜೂನ್ 6ರಂದು ಫಿಲಡೆಲ್ಫಿಯಾದ ಸಭೆಯಲ್ಲಿ, ಕೇವಲ ಬಣ್ಣದ ಭೇದವನ್ನು ಆಧಾರ ಮಾಡಿಕೊಂಡು ಮನುಷ್ಯ ಮನುಷ್ಯನ ಮೇಲೆ ನಡೆಸಿದ ಅತಿ ಕ್ರೂರ ದಬ್ಬಾಳಿಕೆಯನ್ನು ನಾವು ಕಂಡಿದ್ದೇವೆ ಎಂದು ಬಹುಮತದ ಬಣದ ಅಪಾಯಕ್ಕೆ ಉದಾಹರಣೆಯಾಗಿ ಹೇಳಿದವನೂ ಅವನೇ. ಅವನ ಮಾಂಟ್‌ಪೀಲಿಯರ್ ಎಸ್ಟೇಟಿನಲ್ಲಿ ದುಡಿಯುತ್ತಿದ್ದ ಗುಲಾಮರು ಸುಮಾರು ನೂರು ಮಂದಿ. 1836ರಲ್ಲಿ ಸತ್ತಾಗ ಅವನ ಉಯಿಲಿನಲ್ಲಿ ಅವರಲ್ಲೊಬ್ಬರಿಗೂ ಬಿಡುಗಡೆ ಬರೆದಿರಲಿಲ್ಲ, ಅವರ ಒಪ್ಪಿಗೆಯಿಲ್ಲದೆ ಮಾರಬಾರದೆಂಬ ಕೋರಿಕೆ ಮಾತ್ರ ಇತ್ತು. ಅವನ ಹೆಂಡತಿ ಡಾಲಿ, ಸಾಲದ ಒತ್ತಡಕ್ಕೆ ಸಿಕ್ಕಿ, ಅವರಲ್ಲಿ ಹಲವರನ್ನು ಮಾರಿದಳು.